ಹೊಳೆಬದಿಯ ಹಳೇ ಹೋಟೆಲಿಗೆ ಹೊಸ ಮಾಡು, ಹೊಸ ಹೆಸರು: ಯಾವುದು ಮೊದಲು, ಯಾವುದು ಆಮೇಲೆ?

ಕುಂದಾಪುರದ ಕಡೆ ಹೊಳೆಗೆ ತಾಗಿಕೊಂಡು ಒಂದು ಮೀನೂಟದ ಹೋಟೆಲ್ ಇದೆ. ಪಕ್ಕದಲ್ಲೇ ಸಂಕ, ಅಂದರೆ ಸೇತುವೆ. ಬೋರ್ಡಿನ ಮೇಲೆ ದೇವರ ಹೆಸರು, ಅದರ ಮುಂದೆ ‘ಲಂಚ್ ಹೋಮ್’. ಆ ಹೆಸರನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಊರಿಗೆಲ್ಲ ಅದು ‘ಸಂಕದ್ ಬುಡದ್ ಹೋಟ್ಲ್’. ಧಣಿಗಳಿಗೆ ವಯಸ್ಸಾಯಿತು, ಮಗ ಬೆಂಗಳೂರು ಬಿಟ್ಟು ಬಂದು ಗಲ್ಲಾದಲ್ಲಿ ಕುಳಿತ. ಒಂದು ದಿನ ನನಗೆ ಫೋನ್ ಮಾಡಿದ. “ಅಣ್ಣ, ಎದುರಿಗೆ ಪೂರ್ತಿ ಗಾಜು ಹಾಕೋಣ, ಎಸಿ ಮಾಡೋಣ. ಹೆಸರೂ ಬದಲಿಸೋಣ. ಇಂಗ್ಲಿಷಿನಲ್ಲಿ ಒಂದು ಚೆಂದದ ಹೆಸರು ನೋಡಿಟ್ಟಿದ್ದೇನೆ.”

ನನ್ನದು ಕಟ್ಟಡದ ನಕ್ಷೆ ಮಾಡುವ ಕೆಲಸ. ನೀರಿನ ಬದಿಯ ಹೋಟೆಲುಗಳ ರಿಪೇರಿಗೆ ನಾಲ್ಕೈದು ಸಲ ಕೈಹಾಕಿದ್ದೇನೆ, ಒಂದೆರಡು ಸಲ ಸುಟ್ಟುಕೊಂಡೂ ಇದ್ದೇನೆ. ಸುಟ್ಟುಕೊಂಡಿದ್ದೆಲ್ಲ ಒಂದೇ ಕಾರಣಕ್ಕೆ. ಕಟ್ಟಡ ಒಬ್ಬರಿಗೆ, ಹೆಸರು ಮತ್ತು ಬೋರ್ಡು ಇನ್ನೊಬ್ಬರಿಗೆ, ಅಡುಗೆಮನೆ ಮತ್ತೊಬ್ಬರಿಗೆ ಕೊಟ್ಟಿದ್ದರು. ಒಬ್ಬರನ್ನೊಬ್ಬರು ಕೇಳಲೇ ಇಲ್ಲ. ಒಂದು ಕಡೆ ನಾನು ತಿಂಗಳುಗಟ್ಟಲೆ ಕೂತು ಮಾಡಿನ, ಅಂದರೆ ಚಾವಣಿಯ, ಸೂರು ತಗ್ಗಿಸಿ ಗೆರೆ ಎಳೆದೆ. ಕೊನೆಯಲ್ಲಿ ಬೋರ್ಡಿನವನು ಬಂದು ನಾಲ್ಕಡಿ ಎತ್ತರದ ಪೆಟ್ಟಿಗೆಯನ್ನು ಅದೇ ಸೂರಿನ ಮುಂದೆ ನಿಲ್ಲಿಸಿದ. ಒಳಗೆ ಕೂತವರಿಗೆ ಹೊಳೆ ಕಾಣಲಿಲ್ಲ, ಬೋರ್ಡಿನ ಬೆನ್ನು ಕಂಡಿತು. ಬೋರ್ಡಿನ ಅಳತೆ ಮೊದಲೇ ಕೇಳದಿದ್ದ ತಪ್ಪು ನನ್ನದೇ.

ಆ ಹುಡುಗನಿಗೆ ನಾನು ಹೇಳಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕರಾವಳಿಯಲ್ಲಿ ಹೊಳೆಬದಿ, ಕಡಲಬದಿ ಹೋಟೆಲ್ ಇಟ್ಟುಕೊಂಡು ರಿಪೇರಿಯ ಜೊತೆಗೆ ಹೆಸರನ್ನೂ ಬದಲಿಸುವ ಯೋಚನೆ ಇದ್ದವರಿಗೆ ಇದು.

ಮೊದಲು ಆಟೋ ಹತ್ತಿ

ನಕ್ಷೆಯವರನ್ನು ಕರೆಯುವ ಮುಂಚೆ ಬಸ್ ಸ್ಟ್ಯಾಂಡಿಗೆ ಹೋಗಿ ಆಟೋ ಹತ್ತಿ. ನಿಮ್ಮ ಹೋಟೆಲಿನ ಹೆಸರು ಹೇಳಬೇಡಿ. “ಹೊಳೆ ಹತ್ರ ಮೀನೂಟ ಸಿಗುವ ಕಡೆ ಬಿಡಿ” ಅನ್ನಿ. ಡ್ರೈವರ್ ಏನು ಹೆಸರು ಹೇಳುತ್ತಾನೆ ಕೇಳಿಸಿಕೊಳ್ಳಿ. ಮೂರ್ನಾಲ್ಕು ಆಟೋದಲ್ಲಿ ಹೀಗೆ ಮಾಡಿ. ಇನ್ನೊಂದು ಹೋಟೆಲಿಗೆ ಕರೆದುಕೊಂಡು ಹೋದರೆ ಬೇಜಾರು ಮಾಡಬೇಡಿ, ಅದೂ ಒಂದು ವಿಷಯ ತಿಳಿದ ಹಾಗೆ.

ಆಮೇಲೆ ನಿಮ್ಮದೇ ಹೋಟೆಲಿನಲ್ಲಿ ಒಂದು ವಾರ ಮೂಲೆಯಲ್ಲಿ ಕೂತು ಬರೆದುಕೊಳ್ಳಿ. ಯಾವ ಟೇಬಲ್ ಮೊದಲು ತುಂಬುತ್ತದೆ, ಯಾವುದಕ್ಕೆ ಯಾರೂ ಕೂರುವುದಿಲ್ಲ. ಮೆನು ಕಾರ್ಡ್ ನೋಡದೆ ಆರ್ಡರ್ ಹೇಳುವವರು ಏನು ಹೇಳುತ್ತಾರೆ. ಸಪ್ಲಾಯರನ್ನು ಹೆಸರು ಹಿಡಿದು ಕರೆಯುವವರು ಯಾರು. ಹಳೇ ಗಿರಾಕಿ ಫೋನಿನಲ್ಲಿ ಗೆಳೆಯನಿಗೆ “ಎಲ್ಲಿದ್ದೀಯ” ಅಂದಾಗ ಏನು ಉತ್ತರ ಕೊಡುತ್ತಾನೆ.

ಇದರಿಂದ ಒಂದು ಪಟ್ಟಿ ತಯಾರಾಗಬೇಕು. ಬದಲಿಸುವ ವಸ್ತುಗಳ ಪಟ್ಟಿ ಅಲ್ಲ, ಮುಟ್ಟಬಾರದ ವಸ್ತುಗಳ ಪಟ್ಟಿ. ಸಂಕದ ಬುಡದ ಹೋಟೆಲಿನಲ್ಲಿ ಅದು ಐದೇ ಸಾಲಿತ್ತು: ಹೊಳೆಬದಿಯ ಕಟ್ಟೆ, ಕೈತೊಳೆಯುವಲ್ಲಿನ ಕಲ್ಲಿನ ಮರಿಗೆ (ತೊಟ್ಟಿ), ಅಡುಗೆಮನೆಯ ದಪ್ಪ ಕಾವಲಿ, ಕುಚ್ಚಲಕ್ಕಿ ಊಟ, ಮತ್ತು ಆ ಅಡ್ಡಹೆಸರು. ಗಾಜು, ಎಸಿ, ಫಾಲ್ಸ್ ಸೀಲಿಂಗ್ ಎಲ್ಲ ಇವುಗಳನ್ನು ಉಳಿಸಿಕೊಂಡ ಮೇಲಿನ ಮಾತು ಎಂದೆ. ಹುಡುಗನಿಗೆ ಅಷ್ಟೇನೂ ಹಿಡಿಸಲಿಲ್ಲ.

ಕಾಗದ ಪತ್ರ ನೋಡದೆ ಗೋಡೆ ಮುಟ್ಟಬೇಡಿ

ಈ ಭಾಗ ಬೇಸರ ತರಿಸುತ್ತದೆ, ಗೊತ್ತು. ಆದರೆ ನೀರಿನ ಬದಿಯಲ್ಲಿ ನಿಮ್ಮ ಕಟ್ಟಡ ಎಷ್ಟು ಬದಲಾಗಬಹುದು ಎಂದು ಹೇಳುವುದು ಆರ್ಕಿಟೆಕ್ಟ್ ಅಲ್ಲ, ಸಿಆರ್‌ಝಡ್. ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ.

ಮೊದಲ ಅಧಿಸೂಚನೆ ಬಂದದ್ದು 1991ರ ಫೆಬ್ರವರಿ 19ಕ್ಕೆ. ಆಮೇಲೆ 2011ರಲ್ಲಿ ಒಂದು, 2019ರ ಜನವರಿಯಲ್ಲಿ ಇನ್ನೊಂದು. ಕಡಲತೀರದಲ್ಲಾದರೆ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗಕ್ಕೆ ಇದು ಅನ್ವಯ. ಉಬ್ಬರ ಇಳಿತ ಮುಟ್ಟುವ ಹೊಳೆಯಾದರೆ 2019ರ ಅಧಿಸೂಚನೆಯಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ‘ನಮ್ಮದು ಹೊಳೆ, ಕಡಲಲ್ಲ’ ಎಂದು ಕೂರುವ ಹಾಗಿಲ್ಲ. ಬಿರುಬೇಸಿಗೆಯಲ್ಲಿ ಹೊಳೆಯ ನೀರಿನ ಉಪ್ಪು ಸಾವಿರಕ್ಕೆ ಐದು ಪಾಲು, ಅಂದರೆ ಲೀಟರಿಗೆ ಸುಮಾರು 5 ಗ್ರಾಂ, ಇರುವ ಜಾಗದವರೆಗೂ ಈ ನಿಯಮ ಒಳನಾಡಿಗೆ ಬರುತ್ತದೆ.

ಪಟ್ಟಣದೊಳಗಿನ ಜಾಗವಾದರೆ ಸಾಮಾನ್ಯವಾಗಿ ಸಿಆರ್‌ಝಡ್ 2, ಹಳ್ಳಿಯ ಕಡೆಯಾದರೆ 3. ಮೂರರಲ್ಲಿ ಹೊಸ ಕಟ್ಟಡ ಕಟ್ಟಬಾರದ ವಲಯದೊಳಗೆ ಇರುವ ಅಧಿಕೃತ ಕಟ್ಟಡವನ್ನು ರಿಪೇರಿ ಮಾಡಬಹುದು, ಮರುಕಟ್ಟಬಹುದು. ಆದರೆ ಮೊದಲಿದ್ದ ಪಾಯದ ವಿಸ್ತೀರ್ಣ, ಎಫ್‌ಎಸ್‌ಐ (ಜಾಗದ ಅಳತೆಗೆ ಕಟ್ಟಡದ ಒಟ್ಟು ವಿಸ್ತೀರ್ಣದ ಅನುಪಾತ), ಸಾಂದ್ರತೆ ಮೀರುವಂತಿಲ್ಲ. ಇಲ್ಲಿ ‘ಅಧಿಕೃತ’ ಎಂಬ ಪದವೇ ಮುಖ್ಯ. ಕಟ್ಟಡ ಯಾವಾಗಿನದು ಎಂದು ತೋರಿಸಲು ಹಳೇ ತೆರಿಗೆ ರಸೀದಿ, ಪಂಚಾಯತ್ ಲೈಸೆನ್ಸ್, ಕರೆಂಟ್ ಬಿಲ್ ಬೇಕು. ಅಟ್ಟ ಹತ್ತಿ ತಗಡಿನ ಪೆಟ್ಟಿಗೆ ಇಳಿಸಿ. ಹಿಂದಿನ ಧಣಿಗಳು ಹೊಳೆಯ ಕಡೆಗೆ ಹತ್ತಡಿ ಶೀಟ್ ಇಳಿಸಿ ಟೇಬಲ್ ಹಾಕಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ ಎಂದೇ ತಿಳಿದುಕೊಂಡು ನಕ್ಷೆ ಮಾಡಿಸಿ. ‘ಇಷ್ಟು ವರ್ಷ ಯಾರೂ ಕೇಳಲಿಲ್ಲ’ ಅನ್ನುವ ಮಾತು ಹೊಸ ಬೋರ್ಡ್ ಏರಿದ ದಿನಕ್ಕೆ ಮುಗಿಯುತ್ತದೆ. ಹೊಸ ಬಣ್ಣ ಕಂಡರೆ ಎಲ್ಲರೂ ಕೇಳುತ್ತಾರೆ. ಬಾಯಿಮಾತಿನ ಒಪ್ಪಿಗೆ ಬೇಡ, ಬರಹದಲ್ಲಿ ತೆಗೆದುಕೊಳ್ಳಿ.

ಬಾರ್ ಇದ್ದರೆ ಇನ್ನೊಂದು ವಿಷಯ. ಮದ್ಯ ಮಾರಾಟದ ಸಿಎಲ್ 7 ಅಥವಾ ಸಿಎಲ್ 9 ಲೈಸೆನ್ಸ್ ಇರುವುದು ಒಂದು ನಿರ್ದಿಷ್ಟ ನಕ್ಷೆಯ ಜಾಗಕ್ಕೆ. ಗೋಡೆ ಒಡೆದು ಕೋಣೆ ಸೇರಿಸುವ ಮುಂಚೆ ಅಬಕಾರಿ ಇಲಾಖೆಗೆ ಹೊಸ ನಕ್ಷೆ ಹೋಗಬೇಕು. ಅವರ ವರ್ಷ ಜುಲೈ 1ರಿಂದ ಜೂನ್ 30, ಹಾಗಾಗಿ ನವೀಕರಣದ ಜೊತೆಗೇ ಇದನ್ನೂ ಮುಗಿಸಿಕೊಂಡರೆ ಓಡಾಟ ಕಡಿಮೆ.

ಬಜೆಟ್ ಹಾಕುವಾಗ ಒಂದು ಸಂಗತಿ ತುಂಬಾ ಜನ ಮರೆಯುತ್ತಾರೆ. ಹೋಟೆಲ್ ಊಟಕ್ಕೆ 5% ಜಿಎಸ್‌ಟಿ ಕಟ್ಟುವವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ಖರೀದಿಗೆ ಕೊಟ್ಟ ತೆರಿಗೆಯನ್ನು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಹಾಗಿಲ್ಲ. ಆರ್ಕಿಟೆಕ್ಟ್ ಫೀಸಿಗೆ, ಒಳಾಂಗಣದ ಕೆಲಸಕ್ಕೆ ಕೊಡುವ 18% ನಿಮ್ಮ ಕೈಯಿಂದಲೇ ಹೋಗುತ್ತದೆ. 40 ಲಕ್ಷದ ಕೊಟೇಶನ್ ಅಂದರೆ 47 ಲಕ್ಷದ ಮೇಲೆ. ಕೊಟೇಶನ್ ಕೇಳುವಾಗ ‘ತೆರಿಗೆ ಸೇರಿಸಿ ಹೇಳಿ’ ಎನ್ನಿ. ಅದರ ಮೇಲೆ ನೂರಕ್ಕೆ ಇಪ್ಪತ್ತು ಪಕ್ಕಕ್ಕಿಡಿ. ಹಳೇ ಕಟ್ಟಡದ ಗಾರೆ ಕೆರೆದಾಗ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಪತ್ತನಾಜೆ ನೋಡಿಕೊಂಡು ಕೆಲಸ ಶುರು ಮಾಡಿ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಕಡಿಮೆ, ರೇಟು ಜಾಸ್ತಿ, ಪ್ರವಾಸಿಗಳೂ ಇಲ್ಲ. ಹಾಗಾಗಿ ಎಲ್ಲರೂ ‘ಆ ಎರಡು ತಿಂಗಳು ಬಾಗಿಲು ಹಾಕಿ ಕೆಲಸ ಮುಗಿಸೋಣ’ ಅನ್ನುತ್ತಾರೆ. ಅದೇ ಎರಡು ತಿಂಗಳು ಆಕಾಶ ತೂತು ಬಿದ್ದ ಹಾಗೆ ಮಳೆ. ಮಾಡು ಬಿಚ್ಚಿದರೆ ಮುಗಿಯಿತು. ಸಿಮೆಂಟ್ ಒಣಗಲ್ಲ, ಬಣ್ಣ ಹಿಡಿಯಲ್ಲ, ಮರ ಉಬ್ಬುತ್ತದೆ.

ಕೆಲಸವನ್ನು ಎರಡು ತುಂಡು ಮಾಡಿ. ಹೊರಗಿನದು, ಅಂದರೆ ಮಾಡು, ಕಂಬ, ಹೊಳೆಬದಿಯ ಕಟ್ಟೆ, ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ. ಅದು ಪರೀಕ್ಷೆ ಕಾಲ, ವ್ಯಾಪಾರ ಹೇಗೂ ಮಂದ. ಅರ್ಧ ಹೋಟೆಲ್ ತೆರೆದಿಟ್ಟುಕೊಂಡೇ ಇನ್ನರ್ಧದ ಮಾಡು ಬದಲಿಸಬಹುದು. ಏಪ್ರಿಲ್, ಮೇ ರಜೆಯ ವ್ಯಾಪಾರ ಹೊಸ ಮಾಡಿನ ಕೆಳಗೆ, ಹಳೇ ಹೆಸರಿನಲ್ಲೇ ಆಗಲಿ. ಮೇ 24ರ ಆಸುಪಾಸು ಪತ್ತನಾಜೆ ಬರುತ್ತದಲ್ಲ, ಯಕ್ಷಗಾನದವರು ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚುವ ಆ ಹೊತ್ತಿಗೆ ಹೊರಗಿನ ಕೆಲಸ ಪೂರಾ ಆಗಿರಬೇಕು. ಜೂನ್ 1ಕ್ಕೆ ಬಾಗಿಲು ಹಾಕಿ ಒಳಗಿನ ಕೆಲಸ: ಅಡುಗೆಮನೆ, ವೈರಿಂಗ್, ನೆಲ, ಟಾಯ್ಲೆಟ್. ಇದರಲ್ಲಿ ಒಂದು ಉಪಕಾರವೂ ಇದೆ. ಹೊಸ ಮಾಡು ಎಲ್ಲಿ ಸೋರುತ್ತದೆ ಅಂತ ಫಾಲ್ಸ್ ಸೀಲಿಂಗ್ ಹಾಕುವ ಮುಂಚೆಯೇ ಮಳೆ ತೋರಿಸಿಕೊಡುತ್ತದೆ.

ಬಾಗಿಲು ಹಾಕಿದ ತಿಂಗಳುಗಳ ಸಂಬಳ ಬಜೆಟ್ಟಿನಲ್ಲಿ ಬರೆದಿಡಿ. ಇದರಲ್ಲಿ ಚೌಕಾಸಿ ಬೇಡ. ಅರ್ಧ ಸಂಬಳ ಎಂದರೆ ಒಳ್ಳೆಯ ಅಡುಗೆಯವರು ಜೂನ್ ಹತ್ತಕ್ಕೆ ಮುಂಬೈ ಬಸ್ ಹತ್ತಿರುತ್ತಾರೆ. ಆಗಸ್ಟ್‌ನಲ್ಲಿ ನಿಮ್ಮ ಹತ್ತಿರ ಹೊಸ ಕಟ್ಟಡ, ಹೊಸ ಹೆಸರು, ಹೊಸ ರುಚಿ ಮೂರೂ ಇರುತ್ತವೆ. ಮೂರನೆಯದನ್ನು ಯಾರೂ ಕೇಳಿರಲಿಲ್ಲ.

ಹೆಸರು: ನಕ್ಷೆಯ ಮೊದಲ ಗೆರೆಗೂ ಮುಂಚೆ

ಮಾವಳ್ಳಿ ಟಿಫಿನ್ ರೂಮ್ ಕಥೆ ಗೊತ್ತಿರಬಹುದು. ನಮ್ಮ ಕೋಟದ ಹತ್ತಿರದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಆಮೇಲೆ ಬಂದ ಹೆಸರು ಎಲ್ಲಿಂದ ಬಂತು? ಹೋಟೆಲ್ ಇದ್ದ ಜಾಗದಿಂದ, ಮಾವಳ್ಳಿಯಿಂದ. ಜನ ಅದನ್ನೂ ಕತ್ತರಿಸಿ ಎಂಟಿಆರ್ ಮಾಡಿಕೊಂಡರು. ನೀವು ಏನೇ ಇಟ್ಟರೂ ಜನ ತಮ್ಮ ಬಾಯಿಗೆ ಬಂದ ಹಾಗೆ ಮಾಡಿಕೊಳ್ಳುತ್ತಾರೆ. ಅವರು ಆಗಲೇ ಮಾಡಿಕೊಂಡಿರುವ ಹೆಸರಿದ್ದರೆ ಅದನ್ನೇ ಬೋರ್ಡಿಗೆ ಏರಿಸುವುದು ಲೇಸು.

ಸಂಕದ ಬುಡದಲ್ಲಿ ಇದಕ್ಕೆ ಅಡ್ಡ ಬಂದದ್ದು ಧಣಿಗಳು. “ದೇವ್ರ್ ಹೆಸ್ರ್ ತೆಗುಕ್ ಆತಿಲ್ಲ” ಅಂದುಬಿಟ್ಟರು. ಮೂರು ದಿನ ಅಪ್ಪ ಮಗನಿಗೆ ಮಾತಿಲ್ಲ. ಕೊನೆಗೆ ಹೀಗೆ ಒಪ್ಪಂದ ಆಯಿತು: ಕಂಪೆನಿಯ ಹೆಸರು, ಬ್ಯಾಂಕ್ ಖಾತೆ ಎಲ್ಲ ದೇವರ ಹೆಸರಿನಲ್ಲೇ ಇರಲಿ. ಹಳೇ ಬೋರ್ಡು ಗಲ್ಲಾದ ಮೇಲೆ, ದೀಪ ಹಚ್ಚುವ ಜಾಗದಲ್ಲಿ ಏರಲಿ. ಹೊರಗೆ ರಸ್ತೆಗೆ ಕಾಣುವ ಕಡೆ ‘ಸಂಕದಬುಡ’. ಹುಡುಗ ನೋಡಿಟ್ಟಿದ್ದ ಇಂಗ್ಲಿಷ್ ಹೆಸರು ಎಲ್ಲಿ ಹೋಯಿತು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹೆಸರು ಗಟ್ಟಿ ಮಾಡುವ ಮುಂಚೆ ಟ್ರೇಡ್‌ಮಾರ್ಕ್ ಹುಡುಕಾಟ ಮಾಡಿ. ಸರಕಾರದ ಜಾಲತಾಣದಲ್ಲಿ ಪುಕ್ಕಟೆ. ಹೋಟೆಲಿಗೆ 43ನೇ ವರ್ಗ. ಮುಂದೆ ಮಸಾಲೆ ಪುಡಿ, ಉಪ್ಪಿನಕಾಯಿ ಬಾಟಲಿ ಮಾರುವ ಆಸೆ ಇದ್ದರೆ 29 ಮತ್ತು 30ನ್ನೂ ನೋಡಿ. ಒಬ್ಬರೇ ಮಾಲೀಕರಾದರೆ ಅಥವಾ ಸಣ್ಣ ಉದ್ಯಮವಾದರೆ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಸಿಕ್ಕಿದರೆ 10 ವರ್ಷ, ಆಮೇಲೆ ನವೀಕರಣ. ಬರೀ ಊರಿನ ಹೆಸರು, ಅದಕ್ಕೆ ‘ಮೀನೂಟ’ ಸೇರಿಸಿದ ಹೆಸರು ಸುಲಭಕ್ಕೆ ಸಿಗುವುದಿಲ್ಲ. ಅದು ಎಲ್ಲರ ಸೊತ್ತು.

ಈಗ ಬೋರ್ಡು. ಕರ್ನಾಟಕದಲ್ಲಿ 2024ರ ತಿದ್ದುಪಡಿಯ ನಂತರ ಅಂಗಡಿ ಹೋಟೆಲುಗಳ ನಾಮಫಲಕದಲ್ಲಿ 60% ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇದನ್ನು ಕೊನೆಯಲ್ಲಿ ನೆನಪು ಮಾಡಿಕೊಂಡವರ ಬೋರ್ಡು ನೋಡಿದರೇ ಗೊತ್ತಾಗುತ್ತದೆ. ಇಂಗ್ಲಿಷ್ ಲೋಗೊ ಚೆಂದ ಇರುತ್ತದೆ, ಅದರ ತಲೆಯ ಮೇಲೆ ಕನ್ನಡವನ್ನು ಎಳೆದು ಅಗಲ ಮಾಡಿ ಕೂರಿಸಿರುತ್ತಾರೆ. ಲೋಗೊವನ್ನು ಕನ್ನಡದಲ್ಲೇ ಮೊದಲು ಬರೆಸಿ. ಇಂಗ್ಲಿಷ್ ಅದರ ಹಿಂದೆ ಬರಲಿ.

ಕನ್ನಡ ಅಕ್ಷರಕ್ಕೆ ಜಾಗ ಬೇಕು. ‘ಮತ್ಸ್ಯಗಂಧ’ ಅಂತ ಬರೆದು ನೋಡಿ. ತ ಕೆಳಗೆ ಸ ಒತ್ತು, ಅದಕ್ಕೆ ಅಂಟಿಕೊಂಡು ಯ ಒತ್ತು. ಎರಡಡಿ ಎತ್ತರದ ಬೋರ್ಡಿನಲ್ಲಿ ಇದು ಕೂರಬೇಕಾದರೆ ಮುಖ್ಯ ಅಕ್ಷರ ಒಂದಡಿಗೆ ಇಳಿಯುತ್ತದೆ. ರಸ್ತೆಯಿಂದ ಕಾಣುವುದು ಚಿಕ್ಕದಾಗಿ. ‘ಸಂಕದಬುಡ’ದಲ್ಲಿ ಒಂದೂ ಒತ್ತಕ್ಷರ ಇಲ್ಲ, ಅದೇ ಎರಡಡಿಯಲ್ಲಿ ಅಕ್ಷರ ಎರಡಡಿಗೂ ತುಂಬಿಕೊಂಡಿತು. ಹೆಸರು ಆರಿಸುವಾಗ ಇದನ್ನೂ ಒಂದು ಅಳತೆಯಾಗಿ ಇಟ್ಟುಕೊಳ್ಳಿ, ಲೋಹದ ಅಕ್ಷರಕ್ಕೆ ದುಡ್ಡು ಎತ್ತರದ ಲೆಕ್ಕದಲ್ಲೇ ಹೋಗುತ್ತದೆ. ಬಾಲೂ ತಮ್ಮ, ನೋಟೊ ಸಾನ್ಸ್ ಕನ್ನಡದಂಥ ಫಾಂಟುಗಳು ಪುಕ್ಕಟೆ ಸಿಗುತ್ತವೆ, ವ್ಯಾಪಾರಕ್ಕೂ ಬಳಸಬಹುದು. ಆದರೂ ಊರಲ್ಲಿ ಕೈಬರಹದ ಬೋರ್ಡ್ ಬರೆಯುವವರು ಇನ್ನೂ ಇದ್ದರೆ ಮೊದಲು ಅವರನ್ನು ಕಾಣಿ. ಫ್ಲೆಕ್ಸ್ ಅಂಗಡಿಯಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಹೋಗುವುದು ಸಾಮಾನ್ಯ. ಪ್ರಿಂಟಿಗೆ ಕೊಡುವ ಮುಂಚೆ ಪರದೆಯ ಮೇಲೆ ಒಂದೊಂದಾಗಿ ಓದಿ.

ಬೋರ್ಡಿನ ಅಳತೆ, ದೀಪದ ವೈರು, ಅದು ಕೂರುವ ಗೋಡೆ ಇಷ್ಟೂ ಆರ್ಕಿಟೆಕ್ಟ್ ಕೈಗೆ ಹೋದ ಮೇಲೆ ನಕ್ಷೆ ಶುರುವಾಗಲಿ. ಕಡಲತೀರದವರಿಗೆ ಇನ್ನೊಂದು ಮಾತು. ದೊಡ್ಡ ದೀಪ ರಸ್ತೆಯ ಕಡೆಗಿರಲಿ, ಕಡಲ ಕಡೆಗೆ ಬೇಡ. ಕುಂದಾಪುರದ ಕೋಡಿ, ಹೊನ್ನಾವರದ ಕಾಸರಕೋಡಿನಂಥ ತೀರಗಳಲ್ಲಿ ಆಲಿವ್ ರಿಡ್ಲೆ ಆಮೆ ಮೊಟ್ಟೆ ಇಡಲು ಬರುತ್ತದೆ. ಮರಿಗಳು ಬೆಳಕು ಕಂಡ ಕಡೆ ನಡೆಯುತ್ತವೆ. ಕಡಲ ಬದಿಗೆ ತಗ್ಗಿನ, ಹಳದಿ ಬೆಳಕು ಸಾಕು. ಊಟಕ್ಕೂ ಅದೇ ಹಿತ, ಅಲ್ವಾ?

ಉಪ್ಪಿನ ಜೊತೆ ಜಗಳ

ದುಡ್ಡು ಎಲ್ಲಿ ಹಾಕಬೇಕು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಇಲ್ಲಿದೆ. ಗಿರಾಕಿಗೆ ಕಾಣದ ಜಾಗದಲ್ಲಿ.

ಒಂದು ಸುತ್ತಿಗೆ ತೆಗೆದುಕೊಂಡು ಕಂಬ, ತೊಲೆ, ಸ್ಲ್ಯಾಬಿನ ಅಡಿ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ‘ಠಣ್’ ಅನ್ನುತ್ತದೆ. ಒಳಗೆ ಸರಳು ತುಕ್ಕು ಹಿಡಿದು ಉಬ್ಬಿದ ಜಾಗ ‘ದಬ್’ ಎಂದು ಟೊಳ್ಳು ಸದ್ದು ಮಾಡುತ್ತದೆ. ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಸಂಕದ ಬುಡದಲ್ಲಿ ಹೊಳೆಬದಿಯ ಆರು ಕಂಬದಲ್ಲಿ ನಾಲ್ಕಕ್ಕೆ ಗುರುತು ಬಿತ್ತು. ಒಂದು ಕಡೆ ಗಾರೆ ಒಡೆದು, ಆ ಹಸಿ ಒಡಕಿಗೆ ಎಂಜಿನಿಯರ್ ಫಿನಾಫ್ತಲೀನ್ ನೀರು ಚಿಮುಕಿಸಿದರು. ಕಾಂಕ್ರೀಟ್ ಚೆನ್ನಾಗಿದ್ದರೆ ಗುಲಾಬಿ ಬಣ್ಣ ಬರಬೇಕು. ಹೊರಗಿನ ಎರಡಿಂಚು ಬಣ್ಣವೇ ಬರಲಿಲ್ಲ, ಸುಮ್ನೆ ಒದ್ದೆಯಾಯಿತು ಅಷ್ಟೇ. ಧಣಿಗಳು ಪಕ್ಕದಲ್ಲೇ ನಿಂತಿದ್ದರು. “ಆ ಕಾಲದಲ್ಲಿ ಹೊಳೆಯ ಹೊಯ್ಗೆಯನ್ನೇ (ಮರಳು) ಹಾಕಿದ್ದೆವು, ತೊಳೆಯಲೂ ಇಲ್ಲ” ಎಂದರು. ಉಪ್ಪು ಮೊದಲ ದಿನದಿಂದಲೂ ಒಳಗೇ ಇತ್ತು.

ಇಂಥ ಕಂಬಕ್ಕೆ ಮೇಲಿಂದ ಗಾರೆ ಬಳಿದು ಟೈಲ್ಸ್ ಅಂಟಿಸುವುದು ತೀರಾ ಕೆಟ್ಟ ಕೆಲಸ. ತುಕ್ಕು ಒಳಗೇ ಬೆಳೆದು, ಎರಡು ಮಳೆಗಾಲದಲ್ಲಿ ಟೈಲ್ಸ್ ಸಮೇತ ಕೆಳಗೆ ಬರುತ್ತದೆ. ಟೊಳ್ಳಾದದ್ದನ್ನು ಪೂರ್ತಿ ಕೆತ್ತಿ, ಸರಳಿನ ತುಕ್ಕು ತೆಗೆದು, ತೆಳ್ಳಗಾದ ಸರಳಿಗೆ ಜೊತೆ ಸರಳು ಕೊಟ್ಟು ಮತ್ತೆ ತುಂಬಬೇಕು. ಹೊಸದಾಗಿ ಕಂಬ ಎಬ್ಬಿಸುವುದಾದರೆ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಲೆಕ್ಕ ಹೀಗಿದೆ: ಕರಾವಳಿಯ ಗಾಳಿಗೆ ತೆರೆದಿರುವಲ್ಲಿ ಕನಿಷ್ಠ ಎಂ 30 ದರ್ಜೆಯ ಕಾಂಕ್ರೀಟ್, ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ. ಉಪ್ಪುನೀರು ಹಾರಿ ಬೀಳುವ ಜಾಗದಲ್ಲಿ ಎಂ 35, 50 ಮಿಲಿಮೀಟರ್. ಮೇಸ್ತ್ರಿ ರೂಢಿಯಲ್ಲಿ ಒಂದಿಂಚು ಬಿಡುತ್ತಾರೆ. ಕಾಂಕ್ರೀಟ್ ಹಾಕುವ ದಿನ ನೀವೇ ಟೇಪ್ ಹಿಡಿದು ನಿಲ್ಲಿ. ನೀರೂ ನೋಡಿ. ಹೊಳೆಬದಿಯ ಬಾವಿಯ ನೀರು ಬೇಸಿಗೆಯಲ್ಲಿ ಸವುಳಾಗುತ್ತದೆ. ಸರಳು ಹಾಕಿದ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ಟ್ಯಾಂಕರ್ ನೀರು ತರಿಸಿ, ಜಿಪುಣತನ ಬೇಡ.

ಮಾಡಿಗೆ ಬರೋಣ. ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಉಪ್ಪುಗಾಳಿಗೂ ಮಳೆಗೂ ಅದಕ್ಕಿಂತ ಒಳ್ಳೆಯ ಹೊದಿಕೆ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹಳೇ ಹಂಚು ಇಳಿಸುವಾಗ ಒಂದೊಂದನ್ನೂ ಗೆಣ್ಣಿನಿಂದ ತಟ್ಟಿ ನೋಡಿ. ಗಂಟೆಯ ಹಾಗೆ ನುಡಿದರೆ ಪಾಚಿ ತಿಕ್ಕಿ ತೊಳೆದು ಮತ್ತೆ ಏರಿಸಿ. ಹಾಳಾಗಿರುವುದು ಸಾಮಾನ್ಯವಾಗಿ ಹಂಚು ಹೊರುವ ಕೆಳಗಿನ ಮರ, ಅಂದರೆ ಪಕ್ಕಾಸು, ರೀಪು. ಮರ ದುಬಾರಿ ಎಂದು ಕಬ್ಬಿಣ ಹಾಕುವುದಾದರೆ ಬೆಸುಗೆ ಎಲ್ಲ ಮುಗಿಸಿ ಆಮೇಲೆ ಬಿಸಿ ಸತುವಿನಲ್ಲಿ ಅದ್ದಿಸಿ. ಗ್ಯಾಲ್ವನೈಸ್ ಪೈಪ್ ತಂದು ಜಾಗದಲ್ಲೇ ಬೆಸೆದರೆ ಬೆಸೆದ ಕಡೆಯೇ ಮೊದಲು ಹೋಗುತ್ತದೆ.

ಸ್ಟೀಲ್ ಕಂಬಿ, ಹಿಡಿಕೆ, ಸ್ಕ್ರೂ ಎಲ್ಲ 316 ಗ್ರೇಡ್ ಕೇಳಿ. 304 ಅಡುಗೆಮನೆಯ ಒಳಗೆ ಸರಿ, ಹೊಳೆಯ ಗಾಳಿಗೆ ಕಂದು ಚುಕ್ಕಿ ಏಳುತ್ತದೆ. ಅಯಸ್ಕಾಂತ ಹಿಡಿದರೆ ಎರಡರ ವ್ಯತ್ಯಾಸ ಗೊತ್ತಾಗಲ್ಲ. 316ರಲ್ಲಿ ಮಾಲಿಬ್ಡಿನಂ ಇದೆಯಾ ಅಂತ ತೋರಿಸುವ ರಾಸಾಯನಿಕದ ಹನಿ ಸಿಗುತ್ತದೆ, ಅದನ್ನು ಅಂಗಡಿಯವನ ಮುಂದೆಯೇ ಹಾಕಿ ನೋಡಿ. ಪ್ಲೈವುಡ್ ಆದರೆ ಐಎಸ್ 710 ಮುದ್ರೆ ಇರಬೇಕು, 303 ನೀರಿನ ಬದಿಗೆ ಸಾಲದು. ಸ್ವಿಚ್ ಬೋರ್ಡ್, ಇನ್ವರ್ಟರ್ ಎಲ್ಲ ನೆರೆ ಬಂದ ಗುರುತಿಗಿಂತ ಮೇಲಿರಲಿ. ಗುರುತು ಎಲ್ಲಿ ಅಂತ ನೆರೆಮನೆಯ ಅಜ್ಜಿಯನ್ನು ಕೇಳಿ.

ಕುರ್ಚಿ ಹಾಕಿ ಕೂತು ನೋಡಿ

ನಕ್ಷೆಯಲ್ಲಿ ಎಲ್ಲರೂ ನಿಂತಿರುತ್ತಾರೆ. ಹೋಟೆಲಿನಲ್ಲಿ ಎಲ್ಲರೂ ಕೂತಿರುತ್ತಾರೆ. ಕೂತವರ ಕಣ್ಣು ನೆಲದಿಂದ ಸುಮಾರು ನಾಲ್ಕಡಿ. ಕಟ್ಟೆಗೆ ಹಾಕುವ ಕಂಬಿಯ ಮೇಲಿನ ಸರಳು ಮೂರೂವರೆ ಅಡಿಯ ಹತ್ತಿರ. ದಪ್ಪ ಸರಳು ಹಾಕಿದಿರೋ, ಹೊಳೆಯ ಅರ್ಧ ಅದರ ಹಿಂದೆ ಹೋಯಿತು. ಒಂದು ಬಿದಿರು ಕಟ್ಟಿ, ಕುರ್ಚಿ ಹಾಕಿ ಕೂತು ನೋಡಿ. ಬೆಳಿಗ್ಗೆ ಒಂದು ಸಲ, ಸಂಜೆ ನಾಲ್ಕಕ್ಕೆ ಒಂದು ಸಲ.

ಆ ನಾಲ್ಕು ಗಂಟೆಯೇ ಗಾಜಿನ ಆಸೆಗೆ ಉತ್ತರ. ನಮ್ಮ ನೀರೆಲ್ಲ ಪಡುವಣಕ್ಕಿದೆ. ಮಧ್ಯಾಹ್ನದ ನಂತರ ಬಿಸಿಲು ನೇರ ಒಳಗೆ. ಪೂರ್ತಿ ಗಾಜು ಹಾಕಿದರೆ ಎಸಿ ಎಷ್ಟು ಓಡಿಸಿದರೂ ಒಳಗೆ ಬೇಯುತ್ತದೆ, ಆಮೇಲೆ ಪರದೆ ಎಳೆಯುತ್ತೀರಿ. ಹೊಳೆ ನೋಡಲು ಗಾಜು ಹಾಕಿ, ಗಾಜಿಗೆ ಪರದೆ ಹಾಕಿದ ಹೋಟೆಲುಗಳು ಬೇಕಾದಷ್ಟಿವೆ. ಉಪ್ಪಿನ ಪದರ ಬೇರೆ, ದಿನಾ ಸಿಹಿನೀರಲ್ಲಿ ಒರೆಸಬೇಕು. ಒಂದು ಸಣ್ಣ ಕೋಣೆಗೆ ಎಸಿ ಮಾಡಿ. ಉಳಿದದ್ದು ಇಳಿಜಾರು ಸೂರು ಇರುವ ತೆರೆದ ಜಗಲಿಯಾಗಿಯೇ ಇರಲಿ. ಎರಚಲು ತಡೆಯಲು ಸುರುಳಿ ಪರದೆ ಸಾಕು.

ಅಲಂಕಾರದ ಬಗ್ಗೆ ಒಂದೇ ಮಾತು. ಗೋಡೆಗೆ ಹಡಗಿನ ಚಕ್ರ, ಲಂಗರು ನೇತುಹಾಕಬೇಡಿ. ನಮ್ಮ ಹೊಳೆಯ ಸಣ್ಣ ದೋಣಿಗಳಿಗೆ ಅಂಥ ಚಕ್ರ ಇಲ್ಲ, ಎದುರಿಗೇ ದೋಣಿ ನಿಂತಿರುತ್ತದೆ, ಗಿರಾಕಿ ನೋಡಿ ನಗುತ್ತಾನೆ.

ಕಾವಲಿ

ಅಡುಗೆಮನೆ ಬದಲಿಸುವಾಗ ಹೊಸದು ತರಿಸುವ ಉತ್ಸಾಹದಲ್ಲಿ ಹಳೇ ಕಾವಲಿ ಗುಜರಿಗೆ ಹೋಗಬಾರದು. ಇನ್ನೊಂದು ಹೋಟೆಲಿನಲ್ಲಿ ಹೀಗಾಯಿತು. ಹೊಳೆಯುವ ಹೊಸ ಗ್ರಿಡಲ್ ಬಂತು. ಮೊದಲ ವಾರ ಬಂಗುಡೆಯ ಮಸಾಲೆ ತಟ್ಟೆಗೆ ಬರಲಿಲ್ಲ, ಗ್ರಿಡಲ್ಲಿಗೇ ಅಂಟಿ ನಿಂತಿತು. ಅಡುಗೆಯವರು ಎಣ್ಣೆ ಜಾಸ್ತಿ ಸುರಿದರು. ಗಿರಾಕಿಗಳು “ಹೆಸರು ಬದಲಾದ ಮೇಲೆ ರುಚಿ ಹೋಯ್ತು” ಎಂದರು. ಹೆಸರಿನದು ಏನೂ ತಪ್ಪಿರಲಿಲ್ಲ. ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾದ ಕಬ್ಬಿಣ ಬೇರೆ, ನಿನ್ನೆ ಪೆಟ್ಟಿಗೆಯಿಂದ ತೆಗೆದ ಸ್ಟೀಲ್ ಬೇರೆ. ಸಂಕದ ಬುಡದಲ್ಲಿ ಒಲೆಯ ಅಳತೆಯನ್ನೇ ಕಾವಲಿಗೆ ಹೊಂದಿಸಿದೆವು. ಬಾಗಿಲು ಹಾಕಿದ ಎರಡು ತಿಂಗಳು ಅದಕ್ಕೆ ಎಣ್ಣೆ ಸವರಿ ಗೋಣಿ ಸುತ್ತಿ ಅಡುಗೆಯವರೇ ಮನೆಗೆ ಒಯ್ದಿದ್ದರು.

ಮೆನು ಅರ್ಧಕ್ಕೆ ಇಳಿಸಿ, ಹೊಸದು ಎರಡೇ ಸೇರಿಸಿ. ಊಟದ ರೇಟು ಮೊದಲ ಆರು ತಿಂಗಳು ಹಳೆಯದೇ ಇರಲಿ. ಅಂಜಲ್, ಸಿಗಡಿಯಲ್ಲಿ ಬೇಕಾದರೆ ಏರಿಸಿಕೊಳ್ಳಿ. ಊಟಕ್ಕೆ ಏರಿಸಿದರೆ ಊರಿಡೀ ಸುದ್ದಿ.

ಹೆಸರು ಬದಲಾಗುವ ವಾರ

ಇಲ್ಲಿ ಕೆಲಸ ಸಣ್ಣದು, ಆದರೆ ಒಂದೂ ಬಿಡುವಂತಿಲ್ಲ. ಜಿಎಸ್‌ಟಿಯಲ್ಲಿ ವ್ಯಾಪಾರದ ಹೆಸರು ಬದಲಾದರೆ 15 ದಿನದೊಳಗೆ ತಿದ್ದುಪಡಿ ಹಾಕಬೇಕು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ) ಲೈಸೆನ್ಸಿನಲ್ಲಿ, ಪಂಚಾಯತ್ ಅಥವಾ ಪುರಸಭೆಯ ಟ್ರೇಡ್ ಲೈಸೆನ್ಸಿನಲ್ಲಿ ಹೆಸರು ತಿದ್ದಿಸಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಬಿಲ್ಲಿನ ಮೇಲೆ ಇರುವುದು 2022ರಿಂದ ಕಡ್ಡಾಯ, ಹೊಸ ಬಿಲ್ ಪುಸ್ತಕ ಪ್ರಿಂಟ್ ಮಾಡಿಸುವಾಗ ಬಿಟ್ಟುಹೋಗುವುದು ಅದೇ. ಲೈಸೆನ್ಸ್ ಅಪ್ಪನ ಹೆಸರಲ್ಲಿದ್ದು ಈಗ ಮಗ ನಡೆಸುವುದಾದರೆ ಅದು ಬರೀ ಹೆಸರಿನ ತಿದ್ದುಪಡಿ ಅಲ್ಲ. ಹೊಸ ಲೈಸೆನ್ಸೇ ಬೇಕಾದೀತು, ಸಿಎ ಹತ್ತಿರ ಕೂತು ಮಾತಾಡಿ.

ಗೂಗಲ್ ಮ್ಯಾಪಿನಲ್ಲಿ ಹೊಸ ಜಾಗ ಎಂದು ಸೇರಿಸಬೇಡಿ. ಇದ್ದದ್ದರಲ್ಲೇ ಹೆಸರು ತಿದ್ದಿ. ಇಷ್ಟು ವರ್ಷ ಜನ ಬರೆದ ಮಾತು, ಹಾಕಿದ ಫೋಟೊ ಎಲ್ಲ ಅಲ್ಲೇ ಉಳಿಯುತ್ತವೆ. ಗಲ್ಲಾದ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಫೋನಿನಲ್ಲಿ ಯಾವ ಹೆಸರು ಬರುತ್ತದೆ ನೋಡಿ. ಬೋರ್ಡಿನಲ್ಲಿ ಒಂದು, ಫೋನಿನಲ್ಲಿ ಇನ್ನೊಂದು ಬಂದರೆ ಪರವೂರಿನವರು ದುಡ್ಡು ಕಳಿಸಲು ಹಿಂಜರಿಯುತ್ತಾರೆ. ಬ್ಯಾಂಕಿಗೆ ಹೇಳಿ ತಿದ್ದಿಸಿ, ಅಥವಾ ಕ್ಯೂಆರ್ ಪಕ್ಕದಲ್ಲೇ ಹಳೇ ಹೆಸರನ್ನು ದೊಡ್ಡದಾಗಿ ಬರೆದಿಡಿ.

ಶ್ರಾವಣದಲ್ಲಿ ಸದ್ದಿಲ್ಲದೆ ತೆರೆಯಿರಿ

ಆಗಸ್ಟ್ 1ಕ್ಕೆ ದೋಣಿ ಇಳಿಯುತ್ತವೆ, ಅವತ್ತೇ ಉದ್ಘಾಟನೆ ಇಟ್ಟುಕೊಳ್ಳುವ ಆಸೆ ಆಗುತ್ತದೆ. ಬೇಡ. ಆ ಹೊತ್ತಿಗೆ ಶ್ರಾವಣ. ಎಷ್ಟೋ ಮನೆಗಳಲ್ಲಿ ಚೌತಿ ಕಳೆಯುವವರೆಗೆ ಮೀನು ಮುಟ್ಟುವುದಿಲ್ಲ. ಆ ಮಂದ ದಿನಗಳನ್ನೇ ತಾಲೀಮಿಗೆ ಬಳಸಿ. ದಿನಕ್ಕೆ ಹತ್ತು ಟೇಬಲ್ ಮಾತ್ರ ತೆರೆದು, ಹಳೇ ಗಿರಾಕಿಗಳಿಗೆ ಫೋನ್ ಮಾಡಿ ಕರೆಯಿರಿ. ಎಕ್ಸಾಸ್ಟ್ ಹೊಗೆ ಜಗಲಿಗೆ ಬರುತ್ತಾ, ಬಿಸಿ ಅನ್ನ ಕೊನೆಯ ಟೇಬಲ್ಲಿಗೆ ಬಿಸಿಯಾಗಿಯೇ ಮುಟ್ಟುತ್ತಾ, ಟಾಯ್ಲೆಟ್ ಎಲ್ಲಿ ಅಂತ ಎಷ್ಟು ಜನ ಕೇಳುತ್ತಾರೆ, ಎಲ್ಲ ಬರೆದಿಡಿ. ಚೌತಿ ಮುಗಿದ ಮೇಲೆ ಬೋರ್ಡಿಗೆ ದೀಪ ಹಾಕಿ.

ಕಂಟ್ರಾಕ್ಟರಿಗೆ ಅವತ್ತೇ ಪೂರ್ತಿ ದುಡ್ಡು ಚುಕ್ತಾ ಮಾಡಬೇಡಿ. ನೂರಕ್ಕೆ ಐದು ಹಿಡಿದಿಡುತ್ತೇನೆ ಎಂದು ಮೊದಲೇ ಕರಾರಿನಲ್ಲಿ ಬರೆಸಿಕೊಂಡಿರಿ. ಮುಂದಿನ ಜೂನ್‌ನ ಮೊದಲ ದೊಡ್ಡ ಮಳೆಯ ಮಾರನೇ ದಿನ ಟಾರ್ಚ್ ಹಿಡಿದು ಇಬ್ಬರೂ ಒಟ್ಟಿಗೆ ಒಂದು ಸುತ್ತು ಬನ್ನಿ. ಸೂರಿನ ಅಂಚು, ಕಂಬದ ಬುಡ, ಬೋರ್ಡಿನ ಹಿಂದಿನ ಸ್ಕ್ರೂ ನೋಡಿ. ಸಂಕದ ಬುಡದಲ್ಲಿ ನಮಗೆ ಸಿಕ್ಕಿದ್ದು ಮೂರು ತುಕ್ಕಿನ ಸ್ಕ್ರೂ ಮತ್ತು ಒಂದು ಜಾರಿದ ಹಂಚು. ಸ್ಕ್ರೂ 304ರದ್ದು. ಅಂಗಡಿಯಲ್ಲಿ ಹನಿ ಹಾಕಿ ನೋಡದೆ ತಂದ ಒಂದೇ ಪೊಟ್ಟಣ ಅದು, ತಂದವನು ನಾನು.